ಅಳತೆ ರವಿಕೆ

ಹತ್ತನೇ ತರಗತಿಯ ಮಕ್ಕಳಿಗೆ ವೃತ್ತದ ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೆಯುವುದು ಹೇಗೆಂದು ತೋರಿಸುತ್ತಿದ್ದೆ. ಕೈ ಮೇಲೆತ್ತಿ ಮರದ ಕೈವಾರವನ್ನು ಕಪ್ಪುಹಲಗೆಯ ಮೇಲ್ತುದಿಗೆ ಊರಿದ್ದೇ ತಡ, ಭುಜದಿಂದ ರವಿಕೆ ಸರಕ್ಕನೆ ಜಾರಿತು. ಸೆರಗಿತ್ತು, ಪುಣ್ಯ. ಎಡಗೈಯಲ್ಲಿ ಸೆರಗನ್ನು ಅದುಮಿಕೊಂಡು ಬಲಗೈಯಲ್ಲಿ ಕೈವಾರ ತಿರುಗಿಸಿದೆ. ವೃತ್ತ ಕೋಳಿಮೊಟ್ಟೆಯಾಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೊಟ್ಟೆಗೆ ನಕ್ಕರೋ ರವಿಕೆಗೆ ನಕ್ಕರೋ ತಿಳಿಯಲಿಲ್ಲ, ತಿರುಗಿ ನೋಡುವ ಧೈರ್ಯವೂ ಇರಲಿಲ್ಲ. 26 ವರ್ಷ ಗಣಿತ ಕಲಿಸಿದವಳು ಅವತ್ತು ಉಳಿದ ಪಾಠವನ್ನು ಹಲಗೆಯ ಕೆಳಗಿನ ಅರ್ಧದಲ್ಲೇ ಮುಗಿಸಿ ಬಂದೆ.

ಉಡುವ ಬಟ್ಟೆಯ ಮಾತು ಬರೆಯಲು ಕುಳಿತ ಮೇಲೆ ತೂಕವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ 74 ಕಿಲೋ ಇದ್ದೆ. ಈಗ 61. 13 ಕಿಲೋ ಎಂದರೆ ಅಂಗಡಿಯಿಂದ ತರುವ ಅಕ್ಕಿಯ ಚೀಲದಲ್ಲಿ ಅರ್ಧ. ಅಷ್ಟು ಮೈಯಿಂದ ಇಳಿದ ಮೇಲೆ ಹಗುರವಾಗಬೇಕಲ್ಲವೇ? ಮಂಡಿಗೆ ಹಗುರವಾಯಿತು, ಸುಳ್ಳು ಹೇಳಬಾರದು. ಆದರೆ ಬೀರುವಿನ ಬಾಗಿಲು ತೆಗೆದಾಗಲೆಲ್ಲ ಮನಸ್ಸು ಭಾರವಾಗತೊಡಗಿತು. ಅದರೊಳಗಿದ್ದ 22 ರವಿಕೆಗಳೂ ಯಾರೋ ಬೇರೆ ಹೆಂಗಸಿನವು.

ಈ ವಿಷಯದಲ್ಲಿ ಸೀರೆಯಂಥ ಉದಾರಿ ಇನ್ನೊಂದಿಲ್ಲ. ಐದೂವರೆ ಮೀಟರ್ ಬಟ್ಟೆ 74 ಕಿಲೋದವಳನ್ನೂ ಸುತ್ತುತ್ತದೆ, 61 ಕಿಲೋದವಳನ್ನೂ ಸುತ್ತುತ್ತದೆ, ಏನಾಯಿತು ಎಂದು ಕೇಳುವುದಿಲ್ಲ. ಮುಂಚೆ ಐದು ನೆರಿಗೆ ಬರುತ್ತಿದ್ದಲ್ಲಿ ಈಗ ಏಳು ಬರುತ್ತವೆ, ಅಷ್ಟೇ. ಒಳಲಂಗದ ಲಾಡಿಯೂ ಎಳೆದು ಕಟ್ಟಿದರೆ ಸುಮ್ಮನಾಗುತ್ತದೆ. ರವಿಕೆ ಮಾತ್ರ ಹಾಗಲ್ಲ. ಅದು ಮರೆಯುವುದಿಲ್ಲ. ಯಾವ ವರ್ಷ ನಾನು ಎಷ್ಟಿದ್ದೆ ಎಂಬುದನ್ನು ಇಂಚಿನ ಲೆಕ್ಕದಲ್ಲಿ ಹಿಡಿದಿಟ್ಟುಕೊಂಡಿರುತ್ತದೆ.

ಮೊದಲು ಪಿನ್ನು ಹಾಕಿದೆ. ಬೆನ್ನಿಗೊಂದು, ಭುಜಕ್ಕೆರಡು. ಆಮೇಲೆ ಮನೆಯ ಹಳೆಯ ಹೊಲಿಗೆ ಯಂತ್ರದಲ್ಲಿ ನಾನೇ ಎರಡೂ ಬದಿ ಒಂದೊಂದು ಇಂಚು ಹಿಡಿದೆ. ಹೊಲಿಗೆ ಬಲ್ಲವರಿಗೆ ಗೊತ್ತು, ಬದಿ ಹಿಡಿದರೆ ಸುತ್ತಳತೆ ಕಡಿಮೆಯಾಗುತ್ತದೆಯೇ ಹೊರತು ಭುಜದ ಅಗಲ ಕಡಿಮೆಯಾಗುವುದಿಲ್ಲ, ಕುತ್ತಿಗೆ ಚಿಕ್ಕದಾಗುವುದಿಲ್ಲ. ಎದೆಯ ಟಕ್ಕುಗಳು ಇರಬೇಕಾದ ಕಡೆ ಇರದೆ ಕಂಕುಳ ಕಡೆಗೆ ಸರಿಯುತ್ತವೆ. ಕೈ ಎತ್ತಿದರೆ ಇಡೀ ರವಿಕೆಯೇ ಮೇಲೇಳುತ್ತದೆ. ಮನೆಯಲ್ಲಿರುವವರಿಗೆ ಇದು ದೊಡ್ಡ ಸಂಗತಿಯಲ್ಲದಿರಬಹುದು. ದಿನಕ್ಕೆ ಐದು ಪಿರಿಯಡ್ಡು ಕೈಯೆತ್ತಿ ಬರೆಯುವ ಕೆಲಸದವಳಿಗೆ ಅದೇ ದೊಡ್ಡದು. ಬಟ್ಟೆ ಸರಿಯಾಗಿ ಕೂತಿದ್ದರೆ ಪಾಠದ ನಡುವೆ ನಮಗೊಂದು ಮೈಯಿದೆ ಎಂಬುದೇ ಮರೆತುಹೋಗುತ್ತದೆ. ಸಡಿಲವಾದರೆ ಪೈಥಾಗೊರಸನ ನಡುವೆಯೂ ಭುಜದ ಚಿಂತೆ.

ಮಗಳು, “ಈ ಪಾಡೇ ಬೇಡ ಅಮ್ಮ, ರೆಡಿಮೇಡ್ ಕುರ್ತಾ ತಗೊ” ಎಂದು ಅಂಗಡಿಗೆ ಎಳೆದುಕೊಂಡು ಹೋದಳು. ನಮ್ಮ ಶಾಲೆಯಲ್ಲಿ ಸೀರೆಯೇ ಉಡಬೇಕೆಂದು ಎಲ್ಲೂ ಬರೆದಿಟ್ಟಿಲ್ಲ, ಬರೆಯದೆ ಇರುವ ನಿಯಮಗಳೇ ಹೆಚ್ಚು ಗಟ್ಟಿ, ಅದು ಬೇರೆ ಮಾತು. ಆ ಅಂಗಡಿಯಲ್ಲಿ ನಾನು ‘ಎಂ’, ಎದುರಿನ ಅಂಗಡಿಯಲ್ಲಿ ‘ಎಕ್ಸೆಲ್’. ನಡುವೆ ರಸ್ತೆ ದಾಟಿದ್ದಷ್ಟೇ. ‘ಎಂ’ ತೊಟ್ಟರೆ ತೋಳು ಬಿಗಿ, ‘ಎಲ್’ ತೊಟ್ಟರೆ ಭುಜ ಮೊಣಕೈಗೆ ಇಳಿಯುತ್ತದೆ.

ಸರಾಸರಿಯ ಪಾಠ ಬಂದಾಗ ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುವ ಒಂದು ಕತೆ ಆಗ ನೆನಪಾಯಿತು. ಸಿದ್ಧ ಉಡುಪಿನ ಅಳತೆ ಗೊತ್ತುಮಾಡಲು ಅಮೆರಿಕದ ಕೃಷಿ ಇಲಾಖೆಯವರು 1939-40ರಲ್ಲಿ ಸುಮಾರು 15,000 ಹೆಂಗಸರ ಮೈಯನ್ನು ಐವತ್ತಕ್ಕೂ ಹೆಚ್ಚು ಕಡೆ ಅಳೆದರು. ಲೆಕ್ಕಕ್ಕೆ ತೆಗೆದುಕೊಂಡದ್ದು ಮಾತ್ರ ಬಿಳಿಯ ಹೆಂಗಸರ ಅಳತೆಗಳನ್ನಷ್ಟೇ. ಅದೇ ಕಾಲದಲ್ಲಿ ಅಲ್ಲಿ ಸರಾಸರಿ ಹೆಣ್ಣು ಎಂದು ‘ನಾರ್ಮಾ’ ಎಂಬ ಒಂದು ಶಿಲ್ಪವನ್ನೂ ಮಾಡಿದರು. 1945ರಲ್ಲಿ ಕ್ಲೀವ್‌ಲೆಂಡ್ ನಗರದ ಪತ್ರಿಕೆಯೊಂದು ಆ ಶಿಲ್ಪದ ಅಳತೆಗೆ ಹೊಂದುವ ಹೆಣ್ಣಿಗೆ ಬಹುಮಾನವೆಂದು ಸಾರಿತು. 3,864 ಮಂದಿ ತಮ್ಮ ಅಳತೆ ಕಳಿಸಿದರು. ಒಂಬತ್ತೂ ಅಳತೆಗಳಲ್ಲಿ ಹೊಂದಿದವಳು ಒಬ್ಬಳೂ ಸಿಗಲಿಲ್ಲ. ನಮ್ಮಲ್ಲಿಯೂ ನಿಫ್ಟ್ ಸಂಸ್ಥೆ ‘ಇಂಡಿಯಾ ಸೈಜ್’ ಎಂಬ ಹೆಸರಿನಲ್ಲಿ, ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25,000 ಮಂದಿಯನ್ನು ಅಳೆಯುವ ಯೋಜನೆ ಹಾಕಿಕೊಂಡಿತು. ಅಳೆಯಲಿ, ಒಳ್ಳೆಯದೇ. ಆದರೆ ಇಲ್ಲದ ಹೆಂಗಸೊಬ್ಬಳ ಅಳತೆಗೆ ಹೊಲಿದದ್ದು ಇರುವ ಹೆಂಗಸಿಗೆ ಹೇಗೆ ಕೂತೀತು? ಎರಡು ಕುರ್ತಾ ಕೊಂಡು ತಂದೆವು. ಎರಡೂ ಈಗ ಮಗಳ ಹತ್ತಿರ ಇವೆ.

ಇಷ್ಟೇ ಆಗಿದ್ದರೆ ಇದು ಬಟ್ಟೆಯ ತಾಪತ್ರಯ, ಬರೆಯುವಂಥದ್ದೇನಲ್ಲ. ನನ್ನನ್ನು ಕಾಡಿದ್ದು ಬೇರೆ.

ಮೈ ಇಳಿಯಲು ಶುರುವಾದಾಗ ಶಿಕ್ಷಕಿಯರ ಕೊಠಡಿಯಲ್ಲಿ ಹಬ್ಬ. “ಏನ್ ಮೇಡಂ, ಹತ್ತು ವರ್ಷ ಚಿಕ್ಕೋರಾಗಿಬಿಟ್ರಿ!” “ಗುಟ್ಟೇನು, ನಮಗೂ ಸ್ವಲ್ಪ ಹೇಳಿ.” ಅದೇ ವಾರ ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ನನ್ನ ಸೋದರತ್ತೆ ಬಂದಿದ್ದರು. ಬಾಗಿಲಲ್ಲೇ ನನ್ನ ಮುಖ ನೋಡಿ ಕೈಚೀಲ ಕೆಳಗಿಟ್ಟು, “ಇದೆಂಥ ಮಾರಾಯ್ತಿ, ಇಷ್ಟು ಬಡವಾಗಿದ್ದೀಯಲ್ಲೇ!” ಎಂದರು. ಅವರ ಮಾತಿನಲ್ಲಿ ಸಣ್ಣಗಾಗುವುದೆಂದರೆ ಬಡವಾಗುವುದು. ಮೈಯನ್ನು ಆಸ್ತಿಯೆಂದು ತಿಳಿದಿದ್ದ, ಮಾಂಸವೆಂದರೆ ಕೂಡಿಟ್ಟ ಗಂಟು ಎಂದು ತಿಳಿದಿದ್ದ ಕಾಲದ ಮಾತು ಅದು. ಒಂದೇ ಮೈ ಒಂದು ಕಡೆ ಸಂಪಾದನೆ, ಇನ್ನೊಂದು ಕಡೆ ನಷ್ಟ. ಇಬ್ಬರಲ್ಲಿ ನಿಜ ಹೇಳಿದವರು ಅತ್ತೆ.

ಏಕೆಂದರೆ ಆಗ ಇಳಿದಿದ್ದ 5 ಕಿಲೋ ನಾನು ಇಳಿಸಿದ್ದಲ್ಲ. ಮೂರು ತಿಂಗಳಿಂದ ರಾತ್ರಿ ನಾಲ್ಕು ಸಲ ಏಳುತ್ತಿದ್ದೆ, ಎಷ್ಟು ನೀರು ಕುಡಿದರೂ ಬಾಯಾರಿಕೆ. ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಎಂದಾಯಿತು. ಇನ್ಸುಲಿನ್ನಿನ ಕೆಲಸ ಕೆಟ್ಟಾಗ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಮೈಗೆ ಅದು ದಕ್ಕುವುದಿಲ್ಲ, ಮೂತ್ರದಲ್ಲಿ ಹೊರಟುಹೋಗುತ್ತದೆ, ಮೈ ಹಸಿವಿಗೆ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ತಾನೇ ತಿನ್ನತೊಡಗುತ್ತದೆ. ಕಣಜ ತುಂಬಿದ ಮನೆಯಲ್ಲಿ ಉಪವಾಸ. ಹಾಗೆ ಉಪವಾಸ ಬಿದ್ದವಳಿಗೆ ಸಹೋದ್ಯೋಗಿಗಳು ಅಭಿನಂದನೆ ಹೇಳುತ್ತಿದ್ದರು, ನಾನು ನಗುನಗುತ್ತ ತೆಗೆದುಕೊಳ್ಳುತ್ತಿದ್ದೆ.

ಮುಂದಿನ 8 ಕಿಲೋ ನನ್ನದು. ಬೆಳಿಗ್ಗೆ ತುಂಗೆಯ ದಂಡೆಯ ಕಡೆ ಮುಕ್ಕಾಲು ಗಂಟೆ ನಡಿಗೆ, ಅನ್ನ ಅರ್ಧ, ರಾಗಿ ಮುದ್ದೆಯೂ ಲೆಕ್ಕದ್ದೇ, ಸಕ್ಕರೆಯಿಲ್ಲದ ಕಾಫಿ. ಕಾಫಿಗೆ ಒಗ್ಗಿಕೊಂಡೆ, ಮಾವಿನಹಣ್ಣಿಗೆ ಇನ್ನೂ ಒಗ್ಗಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಆ ರಕ್ತಪರೀಕ್ಷೆಯಲ್ಲಿ 9.4 ಇದ್ದದ್ದು 6.6ಕ್ಕೆ ಬಂತು. ಸೋಜಿಗವೆಂದರೆ, ಈ 8 ಕಿಲೋವನ್ನು ಯಾರೂ ಗಮನಿಸಲಿಲ್ಲ. ಹೊಗಳಿಕೆಯೆಲ್ಲ ಮೊದಲ 5ಕ್ಕೇ ಖರ್ಚಾಗಿಹೋಗಿತ್ತು.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ಗಾದೆ ಕಟ್ಟಿದವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲವೆಂದು ಕಾಣುತ್ತದೆ. ನನಗೆ ಊಟ ಡಾಕ್ಟರ ಇಚ್ಛೆಯಾಯಿತು. ಉಳಿದ ನೋಟವಾದರೂ ನನ್ನ ಕೈಲಿರಲಿ ಎಂದು ಕಾಯಿಲೆಯ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಹೇಳದಿರಲು ಕಾರಣವೂ ಇತ್ತು. ಮಗಳಿಗೆ ಗಂಡು ನೋಡುತ್ತಿದ್ದೇವೆ. ‘ತಾಯಿಗೆ ಶುಗರ್ ಅಂತೆ, ಅಜ್ಜಿಗೂ ಇತ್ತಂತೆ’ ಎಂಬ ಮಾತು ಜಾತಕಕ್ಕಿಂತ ಮೊದಲು ಗಂಡಿನ ಮನೆ ತಲುಪುವ ಊರು ನಮ್ಮದು. ಹಾಗಾಗಿ ಗುಟ್ಟು ಕೇಳಿದವರಿಗೆಲ್ಲ, “ಏನಿಲ್ಲಪ್ಪ, ಬೆಳಿಗ್ಗೆ ವಾಕಿಂಗು, ರಾತ್ರಿ ಊಟ ಬಿಟ್ಟಿದ್ದೀನಿ” ಎನ್ನುತ್ತಿದ್ದೆ. ವಾಕಿಂಗು ನಿಜ. ರಾತ್ರಿ ಊಟ ಬಿಟ್ಟಿರಲಿಲ್ಲ, ಮಾತ್ರೆ ನುಂಗುವವಳು ಬಿಡುವ ಹಾಗೂ ಇರಲಿಲ್ಲ. ಸುಮ್ಮನೆ ಬಾಯಿಗೆ ಬಂತು, ಹೇಳಿದೆ. ಕೇಳದವರಿಗೆ ಹೇಳದಿರುವುದು ಸುಳ್ಳಲ್ಲ ಎಂದು ಈಗಲೂ ನಂಬುತ್ತೇನೆ. ಮೈ ನಮ್ಮದು, ಅದರ ಕಾಯಿಲೆಯೂ ನಮ್ಮದು. ಊರಿಗೆಲ್ಲ ಲೆಕ್ಕ ಒಪ್ಪಿಸಬೇಕಿಲ್ಲ. ಆದರೆ ಕೇಳಿದವರಿಗೆ ಅರ್ಧ ಹೇಳುವುದು? ಅರ್ಧ ಬಿಡಿಸಿದ ಲೆಕ್ಕಕ್ಕೆ ನಾನು ಅರ್ಧ ಅಂಕ ಕೊಡುತ್ತೇನೆ. ಇದಕ್ಕೆ ಎಷ್ಟು ಕೊಡಬೇಕೋ ಗೊತ್ತಾಗಲಿಲ್ಲ.

ಗೊತ್ತಾಗುವ ಕಾಲ ಬಂತು. ಕಳೆದ ಜೂನಿನಲ್ಲಿ ನಮ್ಮ ಶಾಲೆಗೆ ವಿಜ್ಞಾನಕ್ಕೆ ಒಬ್ಬ ಹುಡುಗಿ ಅತಿಥಿ ಶಿಕ್ಷಕಿಯಾಗಿ ಬಂದಿದ್ದಾಳೆ. ಮೈ ಸ್ವಲ್ಪ ತುಂಬಿಕೊಂಡಿದೆ, ನಗು ಅದಕ್ಕಿಂತ ಹೆಚ್ಚು ತುಂಬಿಕೊಂಡಿದೆ. ನೋಡಲು ಬಂದ ಗಂಡಿನ ಕಡೆಯವರು ದಪ್ಪವೆಂದು ಎರಡು ಸಲ ಬಿಟ್ಟು ಹೋಗಿದ್ದರಂತೆ. ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತವಳು ಹಾಗೆಯೇ ಕುಸಿದು ಕೂತಳು. ನೀರು ಕುಡಿಸಿ ಒಳಗೆ ಕರೆತಂದು, “ತಿಂಡಿ ಏನು ತಿಂದೆ?” ಎಂದೆ. “ಏನಿಲ್ಲ ಮೇಡಂ.” “ರಾತ್ರಿ?” “ರಾತ್ರೀದು ಬಿಟ್ಟು ಒಂದು ತಿಂಗಳಾಯ್ತು. ನೀವೇ ಹೇಳಿದ್ರಲ್ಲ.”

ನಾನು ಹೇಳಿದ್ದೆ. ಹೇಳಿದ್ದು ಯಾವ ದಿನ, ಯಾವ ಬೆಂಚಿನ ಹತ್ತಿರ ಎಂಬುದೂ ನೆನಪಾಯಿತು. ಬಾಗಿಲು ಮುಂದೆಳೆದು ಎಲ್ಲ ಹೇಳಿದೆ: ರಾತ್ರಿ ನಾಲ್ಕು ಸಲ ಎದ್ದದ್ದು, 9.4, ಮಾತ್ರೆ, ಬಿಡದ ರಾತ್ರಿಯೂಟ, ಎಲ್ಲ. ಆಕೆ ಬಿಟ್ಟಗಣ್ಣಿಂದ ಕೇಳಿ, “ಹಾಗಾದ್ರೆ ಮೊದಲು ಇಳಿದದ್ದು ಡಯಟ್ ಮಾಡಿ ಅಲ್ವಾ ಮೇಡಂ?” ಎಂದಳು. ಅಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ನಗುತ್ತಲೇ, “ನನಗೂ ಶುಗರ್ ಬರಬಾರದಾ ಅನ್ನಿಸ್ತು” ಎಂದಳು.

ಆ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು. ಇಪ್ಪತ್ತೈದು ವರ್ಷದ, ವಿಜ್ಞಾನ ಕಲಿಸುವ ಹುಡುಗಿ! ಆಕೆಯನ್ನು ಬೈಯಲು ಬಾಯಿ ತೆರೆದು ಮುಚ್ಚಿಕೊಂಡೆ. ಕಾಯಿಲೆಯ ಮೈಯನ್ನು ಸಾಧನೆಯ ಮೈಯೆಂದು ಅವಳೆದುರು ಆರು ತಿಂಗಳು ಮೆರೆಸಿದವಳು ನಾನೇ. ಆಕೆಯ ಕಣ್ಣಿಗೆ ಕಂಡದ್ದು ನನ್ನ ಸೊಂಟ, ಕಾಣದೆ ಇದ್ದದ್ದು ನನ್ನ ಮಾತ್ರೆಯ ಡಬ್ಬಿ. ಡಬ್ಬಿ ಬಚ್ಚಿಟ್ಟವರು ಯಾರು? ಮಗಳ ಮದುವೆಗಾಗಿ ಮುಚ್ಚಿಟ್ಟ ಸತ್ಯದ ಬೆಲೆಯನ್ನು ಇನ್ನೊಬ್ಬ ತಾಯಿಯ ಮಗಳು ಕೊಡುತ್ತಿದ್ದಳು. ಈಗ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಊಟದ ಗುಟ್ಟು ಕೇಳುವುದಿಲ್ಲ. ಬದಲಿಗೆ ಹಾಗಲಕಾಯಿ ರಸ, ಮೆಂತ್ಯದ ನೀರು, ಅಮೃತಬಳ್ಳಿ ಎಂದು ದಿನಕ್ಕೊಂದು ಔಷಧಿ ಹೇಳುತ್ತಾರೆ. ಇದು ಅದಕ್ಕಿಂತ ಸುಖವೇನಲ್ಲ. ಮಗಳಿಗೆ ಹೇಳಿದಾಗ ಅವಳು, “ಅದಕ್ಕೆ ಬೇಡ ಅನ್ನೋರು ನನಗೂ ಬೇಡ” ಎಂದಳು. ಹೇಳುವುದು ಸುಲಭ. ಎರಡು ಮನೆಯವರು ಇನ್ನೂ ತಿರುಗಿ ಫೋನ್ ಮಾಡಿಲ್ಲ, ಕಾರಣ ಏನೋ.

ಇದೆಲ್ಲ ಆದ ಮೇಲೆಯೇ ನಾನು ಟೈಲರ್ ಸಾಬರ ಅಂಗಡಿಗೆ ಹೋದದ್ದು. ಅಲ್ಲಿಯವರೆಗೆ ಹೋಗದಿರಲು ಹಣ ಒಂದು ನೆಪ. ಲೈನಿಂಗ್ ಹಾಕಿದ ರವಿಕೆಗೆ 350 ರೂಪಾಯಿ, 22 ರವಿಕೆಗೆ 7,700, ಬಟ್ಟೆಯ ಖರ್ಚು ಬೇರೆ. ನಿಜವಾದ ಕಾರಣ ಏನೆಂದರೆ, ಹೊಸದು ಹೊಲಿಸಿದೆನೆಂದರೆ ಈ ಮೈ ನನ್ನದೆಂದು ರುಜು ಹಾಕಿದ ಹಾಗೆ. ಅಷ್ಟು ನಂಬಿಕೆ ನನಗೇ ಇರಲಿಲ್ಲ.

ಗಾಂಧಿ ಬಜಾರಿನ ಹಿಂದಿನ ಕೇರಿಯಲ್ಲಿ ಅವರ ಅಂಗಡಿ. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದಂದಿನಿಂದ, 28 ವರ್ಷದಿಂದ, ನನ್ನ ರವಿಕೆ ಹೊಲಿಯುತ್ತಿರುವವರು ಅವರೇ. ಎಂದಿನಂತೆ ತಲೆಯೆತ್ತದೆ, “ಅಳತೆ ಬ್ಲೌಸ್ ಕೊಡಿ ಟೀಚರಮ್ಮ” ಎಂದರು. ಇಲ್ಲ ಎಂದೆ. ಆಗ ತಲೆಯೆತ್ತಿ ನೋಡಿದರು.

ನಿಮಗೂ ಗೊತ್ತಿರುವ ಪದ್ಧತಿಯೇ. ನಮ್ಮ ಊರುಗಳಲ್ಲಿ ಗಂಡು ಟೈಲರು ಹೆಂಗಸಿನ ಮೈಗೆ ಟೇಪು ಹಿಡಿಯುವುದಿಲ್ಲ. ಚೆನ್ನಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಕೊಡುತ್ತೇವೆ, ಅದನ್ನು ಹಾಸಿ ಅದರ ಮೇಲೆ ಹೊಸದನ್ನು ಕತ್ತರಿಸುತ್ತಾರೆ. 28 ವರ್ಷ ಹೀಗೇ ನಡೆದಿತ್ತು. ಹಾಗೆಂದರೆ ಇಷ್ಟು ಕಾಲ ನನ್ನನ್ನು ಯಾರೂ ಅಳೆದಿರಲೇ ಇಲ್ಲ. ನಿನ್ನೆಯ ನನ್ನಿಂದ ಇವತ್ತಿನ ನನ್ನನ್ನು, ಅದರಿಂದ ನಾಳೆಯದನ್ನು ಕತ್ತರಿಸಿಕೊಂಡು ಬಂದಿದ್ದರು. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಎಂದು ಬಾಯಲ್ಲಿ ಹೇಳಿ ಸರಿಮಾಡಿಕೊಂಡದ್ದು. ಬರೀ ರವಿಕೆಗಲ್ಲ, ಮನುಷ್ಯರಿಗೂ ನಾವು ಮಾಡುವುದು ಇದನ್ನೇ ಅಲ್ಲವೇ? ಅತ್ತೆ ನನ್ನನ್ನು ಅಳೆದದ್ದು ಅವರ ನೆನಪಿನಲ್ಲಿದ್ದ ತುಂಬುಗೆನ್ನೆಯ ಸೊಸೆಯಿಂದ. ಸಹೋದ್ಯೋಗಿಗಳು ಅಳೆದದ್ದು ಹೋದ ವರ್ಷದ ದಪ್ಪ ಟೀಚರಿಂದ.

ಸಾಬರು ಒಳಗಿನಿಂದ ಸೊಸೆಯನ್ನು ಕರೆದರು. ಹುಡುಗಿ ಈಗೀಗ ಹೊಲಿಗೆ ಕಲಿಯುತ್ತಿದ್ದಾಳೆ. ಪರದೆ ಎಳೆದು ಟೇಪು ಹಿಡಿದಳು. ಸಾಬರು ಹೊರಗೆ ನಮಗೆ ಬೆನ್ನು ಹಾಕಿ ಪುಸ್ತಕ ತೆರೆದು ಕೂತರು. ಅವಳು ಒಂದೊಂದೇ ಕೂಗಿ ಹೇಳುತ್ತಿದ್ದಳು, ಅವರು ಬರೆದುಕೊಳ್ಳುತ್ತಿದ್ದರು. ಎದೆ 36. ಭುಜ 14. ತೋಳು ಸುತ್ತ 11. ಅಂಕಿಗಳ ನಡುವೆಯೇ ಬದುಕಿದವಳಿಗೆ ತನ್ನ ಅಂಕಿಗಳನ್ನು ಕೇಳುವುದು ಅಷ್ಟು ಕಷ್ಟವಾಗುತ್ತದೆಂದು ಅಂದುಕೊಂಡಿರಲಿಲ್ಲ. ಹೊರಗೆ ಬಂದಾಗ ಪುಸ್ತಕದಲ್ಲಿ ನನ್ನ ಹಳೆಯ ಪುಟ ಕಂಡಿತು: ಎದೆ 40. ಅದನ್ನು ಅವರು ಹೊಡೆದು ಹಾಕಿರಲಿಲ್ಲ, ಎದುರಿನ ಪುಟದಲ್ಲಿ ಹೊಸದನ್ನು ಬರೆದಿದ್ದರು.

“ಒಳಗೆ ಎಷ್ಟು ಬಿಡಲಿ?” ಎಂದರು.

ಎಲ್ಲ ಟೈಲರೂ ಕೇಳುವ ಪ್ರಶ್ನೆ. ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಬದಿಯಲ್ಲಿ ಬಟ್ಟೆ ಬಿಟ್ಟಿರುತ್ತಾರೆ. ಮಗಳ ಶಾಲೆಯ ಲಂಗಕ್ಕೆ ನಾಲ್ಕು ಬೆರಳು ಬಿಡಿಸಿದ್ದೆ, ಅದು ಆಸೆ. 52ರ ನನಗೆ ಬಿಟ್ಟರೆ ಅದು ಅನುಮಾನವಲ್ಲವೇ? ‘ಏನೂ ಬಿಡಬೇಡಿ’ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಬಿಗಿಯಾದರೆ ಬಿಗಿಯಾಗಲಿ, ಆಗಲಾದರೂ ಬುದ್ಧಿ ಬರುತ್ತದೆ, ವ್ರತವೆಂದರೆ ಹೀಗಿರಬೇಕು ಎನ್ನುವ ಹಟ. ಆದರೆ ಆ ಹಟದಲ್ಲಿ ಒಂದು ಪರಿಚಯದ ದನಿ ಕೇಳಿಸಿತು. ‘ರಾತ್ರಿ ಊಟ ಬಿಟ್ಟಿದ್ದೀನಿ’ ಎಂದು ಹೇಳಿಕೊಂಡದ್ದೂ ಇದೇ ದನಿಯೇ. ಇಲ್ಲದ ಶೌರ್ಯ.

ಅಮ್ಮನ ರವಿಕೆಗಳೂ ನೆನಪಾದವು. ಅವರಿಗೂ ಇದೇ ಕಾಯಿಲೆ, ನಾವು ತಡವಾಗಿ ತಿಳಿದೆವು. ಇಳಿದಾಗ ವಯಸ್ಸಾಯಿತು ಎಂದುಕೊಂಡೆವು. ಕೊನೆಯ ಎರಡು ವರ್ಷ ನಾನೇ ಅವರ ರವಿಕೆಗಳನ್ನು ಹಿಡಿದು ಹಿಡಿದು ಕೊಟ್ಟಿದ್ದೆ. ಅವರು ಹೋದ ಮೇಲೆ ನೋಡಿದರೆ ಪ್ರತಿ ರವಿಕೆಯ ಒಳಬದಿಯಲ್ಲಿ ಮೂರು ಮೂರು ಸಾಲು ಹೊಲಿಗೆ, ಒಂದರ ಒಳಗೊಂದು. ಒಂದು ಸಾಲನ್ನೂ ಬಿಚ್ಚುವ ಭಾಗ್ಯ ಬರಲಿಲ್ಲ. ಮೈ ಬರುವುದು ಎಲ್ಲ ಸಲವೂ ಸೋಲೇ ಆಗಬೇಕಿಲ್ಲ ಎಂದು ಆ ಅಂಗಡಿಯ ಬಾಗಿಲಲ್ಲಿ ನಿಂತಾಗ ಹೊಳೆಯಿತು.

“ಏನ್ ಯೋಚನೆ ಟೀಚರಮ್ಮ, ಬಟ್ಟೆ ಇದೆ. ಕತ್ತರಿ ಹಾಕಿದ ಮೇಲೆ ನನ್ನ ಕೇಳಬೇಡಿ” ಎಂದರು ಸಾಬರು.

“ಒಂದೊಂದು ಇಂಚು ಬಿಡಿ” ಎಂದೆ.

ಸದ್ಯಕ್ಕೆ ಶಾಲೆಗೆಂದು ಆರು ರವಿಕೆ ಹೊಲಿಯಲು ಕೊಟ್ಟು ಬಂದಿದ್ದೇನೆ. ಹಳೆಯ 22 ಇನ್ನೂ ಬೀರುವಿನಲ್ಲೇ ಇವೆ. ಯಾರಿಗೆ ಕೊಡುವುದೋ, ಕೊಡುವುದೋ ಬೇಡವೋ, ತೀರ್ಮಾನವಾಗಿಲ್ಲ. ಸಾಬರು ಶನಿವಾರ ಬನ್ನಿ ಎಂದಿದ್ದಾರೆ. ಅವರ ಶನಿವಾರವೆಂದರೆ ಮುಂದಿನ ಬುಧವಾರ. ಅಲ್ಲಿಯವರೆಗೆ ಎರಡು ಪಿನ್ನು, ಹಲಗೆಯ ಕೆಳಗಿನ ಅರ್ಧ.